ಬೇಯಿಸುವವಳ ಹೊತ್ತಿಗೂ ಬೆಲೆಯಿದೆ

ಈ ಸಲದ ಬರಹ ಅಡುಗೆಯ ಬಗ್ಗೆ. ನಿವೃತ್ತ ಮೇಷ್ಟ್ರಿಗೂ ಒಲೆಗೂ ಏನು ಸಂಬಂಧವೆಂದು ಕೇಳುವವರು ಕೊನೆಯವರೆಗೆ ಓದುವ ತಾಳ್ಮೆ ತೋರಬೇಕೆಂದು ಕೋರುತ್ತೇನೆ. ಯಾಕೆಂದರೆ ಇದು ಒಂದು ಪಾತ್ರೆಯ ಕಥೆಯಷ್ಟೇ ಅಲ್ಲ, ಆ ಪಾತ್ರೆಯ ಎದುರು ನಾನು ಮೌನವಾಗಿ ಕುಳಿತ ಕಥೆಯೂ ಹೌದು.

ದೊಡ್ಡಬಳ್ಳಾಪುರದಲ್ಲಿ ನಾವು ಐದಾರು ಮಂದಿ ನಿವೃತ್ತರು ಸಂಜೆ ಒಂದೆಡೆ ಕೂಡುವ ರೂಢಿಯಿದೆ. ಪಿಂಚಣಿ, ಮೊಣಕಾಲು ನೋವು, ಮೊಮ್ಮಕ್ಕಳು, ರಾಜಕೀಯ, ಇವು ನಮ್ಮ ನಿತ್ಯದ ಪಾಠಗಳು. ಕಳೆದ ತಿಂಗಳು ನಾನು ಆ ಗುಂಪಿನಲ್ಲಿ ಒಂದು ಊಟದ ಸುದ್ದಿ ಹೇಳಿದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೈಗಾರಿಕಾ ಪ್ರದೇಶದ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತು ದುಡಿಯುವವಳು. "ಒಂದಿನ ಮನೆಗೆ ಬನ್ನಿ ಸಾ" ಎಂದು ಬಹಳ ದಿನಗಳಿಂದ ಕರೆಯುತ್ತಿದ್ದಳು. ಭಾನುವಾರ ಹೋಗೋಣವೆಂದರೆ ಆಕೆಗೆ ಬಟ್ಟೆ ಒಗೆಯುವ, ರಾಗಿ ಹಸನು ಮಾಡುವ, ನೆಂಟರಿಷ್ಟರ ಮನೆಗೆ ಹೋಗಿಬರುವ ದಿನ. ಹಾಗಾಗಿ ಒಂದು ಬುಧವಾರ ಸಂಜೆ ಹೋದೆ. ಆಕೆ ಕಾರ್ಖಾನೆಯಿಂದ ಮನೆ ಸೇರಿದ್ದು ಏಳು ಗಂಟೆಗೆ. ಏಳೂಮುಕ್ಕಾಲಿಗೆ ನನ್ನ ಮುಂದೆ ಬಿಸಿ ರಾಗಿಮುದ್ದೆ, ಹಂದಿಬಾಡಿನ ಗಟ್ಟಿ ಸಾರು, ಹೆಚ್ಚಿದ ಈರುಳ್ಳಿ, ನಿಂಬೆಹೋಳು ಇದ್ದವು. ಬಾಡು ಬೆರಳು ತಾಗಿದರೆ ಎಳೆ ಬಿಡುವಷ್ಟು ಹದವಾಗಿ ಬೆಂದಿತ್ತು.

ಇಷ್ಟು ಬೇಗ ಹೇಗಾಯಿತೆಂದು ಕೇಳಿದರೆ ಅಡುಗೆಮನೆಯ ಮೂಲೆಯಲ್ಲಿದ್ದ ಒಂದು ಪಾತ್ರೆಯನ್ನು ತೋರಿಸಿದಳು. ಒಳಗೆ ದಪ್ಪ ಪಿಂಗಾಣಿಯ ಗಡಿಗೆ, ಹೊರಗೆ ಅದನ್ನು ಸುತ್ತಲೂ ಬಿಸಿ ಮಾಡುವ ವಿದ್ಯುತ್ ಕವಚ, ಮೇಲೆ ಗಾಜಿನ ಮುಚ್ಚಳ. ಸ್ಲೋ ಕುಕ್ಕರ್ ಎನ್ನುತ್ತಾರೆ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕಿರುವ ತಮ್ಮ ತಂದುಕೊಟ್ಟನಂತೆ. ಬೆಳಗ್ಗೆ ಹಾಕಿ ಹೋದದ್ದು ಸಂಜೆಗೆ ತಾನೇ ಬೆಂದಿತ್ತು.

ಇದನ್ನು ಹೇಳಿ ಮುಗಿಸುವಷ್ಟರಲ್ಲಿ ನಮ್ಮ ಸಭೆಯಿಂದ ಎರಡು ತೀರ್ಪುಗಳು ಹೊರಬಿದ್ದವು. ಒಬ್ಬರೆಂದರು: "ಈಗಿನ ಹೆಂಗಸರಿಗೆ ಒಲೆಯ ಮುಂದೆ ನಿಲ್ಲೋಕೂ ಸೋಮಾರಿತನ. ಸ್ವಿಚ್ ಹಾಕಿ ಹೋದರೆ ಅದು ಅಡುಗೆಯೇನ್ರೀ?" ಇನ್ನೊಬ್ಬರು ಧ್ವನಿ ತಗ್ಗಿಸಿ, "ಹಂದಿ ತಿಂದೆ ಅಂತ ಹೇಳ್ಕೋತೀರಲ್ಲ ಮೇಷ್ಟ್ರೇ, ಯಾರಾದ್ರೂ ಕೇಳಿಸ್ಕೊಂಡಾರು" ಎಂದರು. ಎಲ್ಲರೂ ನಕ್ಕರು. ನಾನೂ ಸಣ್ಣಗೆ ನಕ್ಕು ಎದ್ದುಬಂದೆ. ಆ ನಗು ನನ್ನನ್ನು ರಾತ್ರಿಯಿಡೀ ಕಾಡಿತು. ಅಲ್ಲಿ ಹೇಳಬೇಕಾಗಿದ್ದದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಸೋಮಾರಿತನದ ಲೆಕ್ಕ ನೋಡೋಣ. ಆಕೆ ಎದ್ದೇಳುವುದು ಬೆಳಗಿನ ಐದಕ್ಕೆ. ನೀರು ಹಿಡಿದು, ತಿಂಡಿ ಮಾಡಿ, ಮಗಳಿಗೂ ಮಗನಿಗೂ ಡಬ್ಬಿ ಕಟ್ಟಿ, ಎಂಟಕ್ಕೆ ಕಾರ್ಖಾನೆಯ ವಾಹನ ಹತ್ತಬೇಕು. ಹಿಂದಿನ ರಾತ್ರಿಯೇ ಒಂದು ಕಿಲೋ ಬಾಡನ್ನು ತೊಳೆದು, ಉಪ್ಪು ಅರಿಶಿನ ಸವರಿ ಫ್ರಿಜ್ಜಿನಲ್ಲಿಟ್ಟಿದ್ದಳು. ಮೂಳೆ ಮತ್ತು ನೆಣ ಎರಡೂ ಇರುವ ಭುಜದ ಭಾಗ ಅದು. ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಕಾಳುಮೆಣಸು, ಚಕ್ಕೆ, ಲವಂಗ ಹುರಿದು, ಶುಂಠಿ ಬೆಳ್ಳುಳ್ಳಿ ಸೇರಿಸಿ ಖಾರ ರುಬ್ಬಿಟ್ಟಿದ್ದಳು. ಇದಕ್ಕೆ ಹಿಡಿದದ್ದು ಇಪ್ಪತ್ತು ನಿಮಿಷ. ಬೆಳಗ್ಗೆ ಬಾಣಲೆಯಲ್ಲಿ ತುಂಡುಗಳನ್ನು ಎಣ್ಣೆಯಿಲ್ಲದೆ ಕೆಂಪಗೆ ಬಾಡಿಸಿದಳು. ನೆಣವೇ ಕರಗಿ ಎಣ್ಣೆಯಾಗುತ್ತದೆ. ಅದರಲ್ಲೇ ಮೂರು ಈರುಳ್ಳಿ, ಖಾರ ಹಾಕಿ ತಿರುವಿ, ಬಿಸಿನೀರು ಒಂದು ಲೋಟದಷ್ಟೇ ಸೇರಿಸಿ ಪಿಂಗಾಣಿ ಗಡಿಗೆಗೆ ಸುರಿದು ಮುಚ್ಚಿದಳು. ಈ ಪಾತ್ರೆಯಲ್ಲಿ ನೀರು ಆವಿಯಾಗಿ ಹೋಗುವುದು ತೀರಾ ಕಡಿಮೆ, ಆದ್ದರಿಂದ ಸಾರಿಗೆಂದು ಹೆಚ್ಚು ನೀರು ಸುರಿದರೆ ರುಚಿ ಕೆಡುತ್ತದೆ. ಇದಕ್ಕೆ ಹತ್ತು ಹದಿನೈದು ನಿಮಿಷ. ಸಂಜೆ ಬಂದು ಮೇಲೆ ತೇಲುವ ನೆಣವನ್ನು ಸೌಟಿನಿಂದ ತೆಗೆದು, ಹುರಿಗಡಲೆ ತೆಂಗಿನಕಾಯಿ ರುಬ್ಬಿ ಬೆರೆಸಿ ಒಂದು ಕುದಿ ಬರಿಸಿ, ಪಕ್ಕದಲ್ಲಿ ಮುದ್ದೆಗೆ ಎಸರಿಟ್ಟು ತೊಳಸಿದಳು. ಒಟ್ಟಿನಲ್ಲಿ ಒಂದು ಗಂಟೆಗೂ ಹೆಚ್ಚು ದುಡಿಮೆ. ಯಂತ್ರ ಉಳಿಸಿಕೊಟ್ಟದ್ದು ಕಾಯುವ ಹೊತ್ತನ್ನು ಮಾತ್ರ. ಹತ್ತು ಗಂಟೆ ಹೊರಗೆ ದುಡಿದು ಬಂದವಳು ಮತ್ತೆರಡು ಗಂಟೆ ಒಲೆಯ ಮುಂದೆ ನಿಂತು ಕಾಯಲಿಲ್ಲ ಎಂಬುದು ನಮ್ಮ ಕಣ್ಣಿಗೆ ಸೋಮಾರಿತನವಾಗಿ ಕಂಡಿತು. ಹಾಗೆ ಕಂಡವರಲ್ಲಿ ಒಬ್ಬರೂ ಜೀವಮಾನದಲ್ಲಿ ಒಂದು ಮುದ್ದೆ ತೊಳಸಿದವರಲ್ಲ, ನಾನೂ ಸೇರಿದಂತೆ.

ನಮ್ಮ ತಾಯಂದಿರು ಹೀಗೆ ಮಾಡುತ್ತಿರಲಿಲ್ಲ ಎಂಬ ವಾದವೂ ಬಂತು. ಅದು ಶುದ್ಧ ಮರೆವು. ನನ್ನ ತಾಯಿಯ ಒಲೆಗೆ ಪಕ್ಕದಲ್ಲೊಂದು ಕೋಡೊಲೆ ಇತ್ತು. ದೊಡ್ಡ ಒಲೆಯ ಉರಿಯ ಮಿಕ್ಕ ಬಿಸಿ ಅದಕ್ಕೆ ಹಾಯುತ್ತಿತ್ತು. ರಾಗಿ ಹೊಲದಲ್ಲಿ ಕಳೆ ತೆಗೆಯುವ ದಿನಗಳಲ್ಲಿ ಆಕೆ ಹುರುಳಿಯ ಮಡಕೆಯನ್ನು ಅದರ ಮೇಲಿಟ್ಟು, ಕೆಂಡದ ಮೇಲೆ ಬೂದಿ ಮುಚ್ಚಿ, ಬಾಗಿಲೆಳೆದುಕೊಂಡು ಹೊರಟರೆ ಮಧ್ಯಾಹ್ನಕ್ಕೆ ಕಾಳು ಬೆಂದಿರುತ್ತಿತ್ತು. ಹಾಲು ಕೆನೆಗಟ್ಟುತ್ತಿದ್ದುದೂ ಹಾಗೆಯೇ, ಸ್ನಾನಕ್ಕೆ ಹಂಡೆಯ ನೀರು ಬೆಚ್ಚಗಿರುತ್ತಿದ್ದುದೂ ಹಾಗೆಯೇ. ಆಕೆಯನ್ನು ಯಾರೂ ಸೋಮಾರಿ ಎನ್ನಲಿಲ್ಲ, ಮನೆವಾರ್ತೆ ಬಲ್ಲ ಹೆಂಗಸು ಎಂದರು. ಕೆಂಡ ಹೋಗಿ ವಿದ್ಯುತ್ತು ಬಂದಾಕ್ಷಣ ಜಾಣತನ ಸೋಮಾರಿತನವಾಗುವುದಾದರೆ ದೋಷ ವಿದ್ಯುತ್ತಿನದಲ್ಲ, ನೋಡುವವರದು.

ಈ ಯಂತ್ರದ ಹುಟ್ಟಿನ ಕಥೆಯೂ ಇದೇ ಬಗೆಯದು. ಅಮೆರಿಕದ ಇರ್ವಿಂಗ್ ನ್ಯಾಕ್ಸನ್ ಎಂಬಾತ 1940ರಲ್ಲಿ ಇದರ ಮೂಲರೂಪಕ್ಕೆ ಪೇಟೆಂಟ್ ಪಡೆದ. ಆತನದು ಲಿಥುವೇನಿಯಾ ಮೂಲದ ಯೆಹೂದಿ ಕುಟುಂಬ. ಯೆಹೂದಿಗಳಿಗೆ ಶನಿವಾರದ ಸಬ್ಬತ್ ದಿನ ಬೆಂಕಿ ಹೊತ್ತಿಸುವುದು ನಿಷಿದ್ಧ. ಆದ್ದರಿಂದ ಶುಕ್ರವಾರ ಸಂಜೆಯೇ ಕಾಳು, ಮಾಂಸ ತುಂಬಿದ ಗಡಿಗೆಯನ್ನು ಊರ ಬೇಕರಿಯ ಆರುತ್ತಿರುವ ಒಲೆಯೊಳಗಿಟ್ಟು ಮರುದಿನ ಬಿಸಿಯಾಗಿ ತೆಗೆದುಕೊಳ್ಳುತ್ತಿದ್ದರು. ಚೋಲೆಂಟ್ ಎಂಬ ಆ ಅಡುಗೆಯ ನೆನಪನ್ನು ಮನೆಯ ಹಿರಿಯ ಹೆಂಗಸರಿಂದ ಕೇಳಿ ನ್ಯಾಕ್ಸನ್ ಈ ಪಾತ್ರೆಯನ್ನು ರೂಪಿಸಿದ. 1970ರಲ್ಲಿ ರೈವಲ್ ಎಂಬ ಕಂಪನಿ ಆತನ ಉದ್ಯಮವನ್ನು ಕೊಂಡು, ಮರುವರ್ಷ ಕ್ರಾಕ್‌ಪಾಟ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಅಲ್ಲಿನ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಹೊರಗೆ ದುಡಿಯಲು ಹೊರಟಿದ್ದ ಕಾಲವದು. ಹಂದಿಯನ್ನು ಮುಟ್ಟದ ಜನರ ಧರ್ಮಶ್ರದ್ಧೆಯಿಂದ ಹುಟ್ಟಿದ ಗಡಿಗೆ ಇಂದು ದೊಡ್ಡಬಳ್ಳಾಪುರದಲ್ಲಿ ಹಂದಿಯನ್ನು ಬೇಯಿಸುತ್ತಿದೆ. ಪಾತ್ರೆಗೆ ಮಡಿ ಮೈಲಿಗೆ ತಿಳಿಯದು.

ಪ್ರೆಶರ್ ಕುಕ್ಕರ್ ಇರುವಾಗ ಇದೇಕೆ, ಅದರಲ್ಲಿ ಅರ್ಧ ಗಂಟೆಯಲ್ಲಿ ಬೇಯುವುದಿಲ್ಲವೇ ಎಂದು ಕೇಳಬಹುದು. ಬೇಯುತ್ತದೆ. ಆದರೆ ಆ ಅರ್ಧ ಗಂಟೆ ಮನೆಯಲ್ಲಿದ್ದು ಸೀಟಿ ಎಣಿಸುವವರು ಒಬ್ಬರು ಬೇಕು. ದುಡಿಯುವ ಮನೆಯಲ್ಲಿ ಕೊರತೆಯಾಗಿರುವುದು ಆ ಒಬ್ಬರೇ. ಹಗಲಿನ ಎಂಟು ಗಂಟೆ ಹೇಗೂ ಖಾಲಿ ಮನೆಯಲ್ಲಿ ಸುಮ್ಮನೆ ಕಳೆದುಹೋಗುತ್ತದೆ, ಅದನ್ನು ಪಾತ್ರೆಗೆ ಕೊಟ್ಟರೆ ನಷ್ಟವೇನಿದೆ? ಇನ್ನು ರುಚಿಯ ಮಾತು. ಭುಜದ ಮಾಂಸ ಬಿರುಸು. ಅದರ ತುಂಬ ಮಾಂಸಖಂಡಗಳನ್ನು ಹಿಡಿದಿಡುವ ಕೊಲಾಜೆನ್ ಎಂಬ ನಾರಿನ ಅಂಶವಿರುತ್ತದೆ. ನೀರಿನಂಶದ ಹದವಾದ ಬಿಸಿಯಲ್ಲಿ ಹೆಚ್ಚು ಹೊತ್ತು ಇದ್ದರೆ ಅದು ಕರಗಿ ಜೆಲಟಿನ್ ಆಗಿ ಸಾರಿಗೆ ಮಂದತೆಯನ್ನೂ ತುಂಡಿಗೆ ಮೃದುತನವನ್ನೂ ಕೊಡುತ್ತದೆ. ಜೋರು ಉರಿಯಲ್ಲಿ ಅವಸರಪಡಿಸಿದರೆ ಅದೇ ತುಂಡು ರಸ ಕಳೆದುಕೊಂಡು ಚಕ್ಕಳವಾಗುತ್ತದೆ. ನಿಧಾನವೆಂಬುದು ಈ ಮಾಂಸಕ್ಕೆ ಒಪ್ಪುವ ವಿಧಾನವೇ ಆಗಿದೆ.

ಈಗ ಎರಡನೆಯ ತೀರ್ಪಿಗೆ ಬರುತ್ತೇನೆ. ಇದು ಮೊದಲನೆಯದಕ್ಕಿಂತ ಹಳೆಯದು, ಕ್ರೂರವಾದುದು.

ಧ್ವನಿ ತಗ್ಗಿಸಿದ ನನ್ನ ಮಿತ್ರರು ಸಸ್ಯಾಹಾರಿಗಳಲ್ಲ. ಕುರಿ, ಕೋಳಿಯ ಬಾಡೂಟಕ್ಕೆ ಮೈಲಿಗಟ್ಟಲೆ ಹೋಗಬಲ್ಲವರು. ನಮ್ಮ ಮನೆಯಲ್ಲೂ ಕುರಿ ಬೇಯುತ್ತಿತ್ತು, ಹಂದಿ ಹೊಸ್ತಿಲು ದಾಟುತ್ತಿರಲಿಲ್ಲ. ಯಾಕೆಂದು ಯಾರೂ ವಿವರಿಸುತ್ತಿರಲಿಲ್ಲ. ವಿವರಣೆ ಊರಿನ ನಕ್ಷೆಯಲ್ಲಿಯೇ ಇತ್ತು. ಅದನ್ನು ಬಹಿರಂಗವಾಗಿ ತಿನ್ನುವವರ ಮನೆಗಳು ಊರಾಚೆ ಇದ್ದವು.

ಇದೇ ಕರ್ನಾಟಕದ ಕೊಡಗಿಗೆ ಹೋಗಿ ನೋಡಿ. ಅಲ್ಲಿ ಪಂದಿಕರಿ ಮದುವೆಯೂಟದ ಹೆಮ್ಮೆ. ಕಪ್ಪಗೆ ಹುರಿದ ಮಸಾಲೆ, ಕಾಚಂಪುಳಿಯ ಹುಳಿ, ಜೊತೆಗೆ ಅಕ್ಕಿಯ ಕಡಂಬುಟ್ಟು. ಅದನ್ನು ತಿನ್ನಲೆಂದೇ ಬೆಂಗಳೂರಿನಿಂದ ಪ್ರವಾಸಿಗರು ಹೋಗುತ್ತಾರೆ, ಬಂದು ಹೊಗಳುತ್ತಾರೆ. ನನ್ನ ಮಿತ್ರರೂ ಮಡಿಕೇರಿಯ ಪ್ರವಾಸ ಕಥನದಲ್ಲಿ ಅದನ್ನು ಹೊಗಳಿದ್ದು ನನಗೆ ನೆನಪಿದೆ. ಅದೇ ಪ್ರಾಣಿ, ಅದೇ ಮಾಂಸ. ಕೊಡಗಿನಲ್ಲಿ ಭೂಮಿಯ ಒಡೆಯರ ಊಟವಾದಾಗ ಪರಂಪರೆ, ನಮ್ಮ ತಾಲ್ಲೂಕಿನಲ್ಲಿ ಕೂಲಿಯವರ ಊಟವಾದಾಗ ಪಿಸುಮಾತು. ಹಾಗಾದರೆ ನಾವು ಹೇಸುತ್ತಿರುವುದು ಮಾಂಸಕ್ಕೋ, ತಿನ್ನುವವರಿಗೋ? ಮಿತ್ರರು ತಮ್ಮ ಮನಸ್ಸಿಗೇ ಉತ್ತರ ಹೇಳಿಕೊಳ್ಳಲಿ.

ಚರಿತ್ರೆಯನ್ನು ಕರೆತರುವವರಿಗೂ ಒಂದು ಮಾತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಹಂದಿಯನ್ನು ಹಸನು ಮಾಡಿ ಬೇಯಿಸುವ, ಸುಡುವ ಕ್ರಮಗಳು ವಿವರವಾಗಿವೆ. ಅದು ಅರಮನೆಯ ಊಟ. ಮಂಡ್ಯ ಜಿಲ್ಲೆಯ ಆತಕೂರಿನ 10ನೆಯ ಶತಮಾನದ ಶಾಸನ, ಹಂದಿಯೊಡನೆ ಕಾದಿ ಮಡಿದ ಕಾಳಿ ಎಂಬ ಬೇಟೆನಾಯಿಯ ಸ್ಮಾರಕವೆಂದು ನಾವೇ ತರಗತಿಗಳಲ್ಲಿ ಪಾಠ ಮಾಡಿದೆವು. ದೊರೆಗಳು ಹಂದಿಯನ್ನು ಬೇಟೆಯಾಡುತ್ತಿದ್ದುದು ವನ್ಯಜೀವಿ ಗಣತಿಗಾಗಿ ಅಲ್ಲವಷ್ಟೆ.

ಇಷ್ಟಾದ ಮೇಲೆ ಉಳಿಯುವುದು ರೋಗದ ವಾದ. "ಹಂದಿ ತಿಂದರೆ ಮಿದುಳಿಗೆ ಹುಳು ಏರುತ್ತದೆ" ಎಂದು ವಿಜ್ಞಾನದ ಮೇಷ್ಟ್ರಾಗಿದ್ದವರೇ ಹೇಳುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ, ಆ ಅರ್ಧವೇ ಅಪಾಯಕಾರಿ. ಹಂದಿಯ ಲಾಡಿಹುಳು ನಿಜವಾದ ಪಿಡುಗು. ಸರಿಯಾಗಿ ಬೇಯದ, ಹುಳುವಿನ ಮರಿಕೋಶಗಳಿರುವ ಮಾಂಸ ತಿಂದರೆ ಮನುಷ್ಯನ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಆದರೆ ಮಿದುಳಿನಲ್ಲಿ ಕೋಶ ಕಟ್ಟಿ ಮೂರ್ಛೆರೋಗ ತರುವುದು ಹುಳುವಿನ ಮೊಟ್ಟೆಗಳು. ಆ ಮೊಟ್ಟೆಗಳು ಬರುವುದು ಲಾಡಿಹುಳುವಿರುವ ಮನುಷ್ಯನ ಮಲದಿಂದ. ತೊಳೆಯದ ಕೈ, ಕೊಳಕು ನೀರು, ಹಸಿ ಸೊಪ್ಪು ತರಕಾರಿಗಳ ಮೂಲಕ ಅವು ಹೊಟ್ಟೆ ಸೇರುತ್ತವೆ. ಆದ್ದರಿಂದಲೇ ಮಾಂಸವನ್ನೇ ಮುಟ್ಟದ ಸಸ್ಯಾಹಾರಿಗಳಿಗೂ ಈ ರೋಗ ಬರುತ್ತದೆ. ಇದಕ್ಕೆ ಮದ್ದು ಶೌಚಾಲಯ, ಸೋಪು, ಶುದ್ಧ ನೀರು, ಕೊಟ್ಟಿಗೆಯಲ್ಲಿ ಕಟ್ಟಿ ಸಾಕಿದ ಹಂದಿ, ಮತ್ತು ಚೆನ್ನಾಗಿ ಬೇಯಿಸುವುದು. ಮಾಂಸದ ಒಳಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮರಿಕೋಶಗಳು ಬದುಕುವುದಿಲ್ಲ. ಎಂಟು ಗಂಟೆ ಸ್ಲೋ ಕುಕ್ಕರಿನಲ್ಲಿದ್ದ ಬಾಡು ಆ ಮಟ್ಟವನ್ನು ಎಂದೋ ದಾಟಿರುತ್ತದೆ. ಬೀದಿಯಲ್ಲಿ ತಿರುಗುವ ಹಂದಿ ಹೊಲಸು ತಿನ್ನುತ್ತದೆ ಎನ್ನುವುದಾದರೆ, ಆ ಹೊಲಸನ್ನು ಬೀದಿಗೆ ಹಾಕಿದವರು ನಾವು. ಪ್ರಾಣಿಯ ಮೇಲೆ ಅಪವಾದ ಹೊರಿಸಿ ನಾವು ಶುದ್ಧರಾಗಲಾರೆವು.

ಧರ್ಮಶ್ರದ್ಧೆಯಿಂದಲೋ ಪ್ರಾಣಿದಯೆಯಿಂದಲೋ ಹಂದಿಯನ್ನು ತಿನ್ನದವರ ಬಗ್ಗೆ ನನಗೆ ಗೌರವವಿದೆ. ತನ್ನ ತಟ್ಟೆಯಲ್ಲಿ ಏನಿರಬಾರದೆಂದು ತೀರ್ಮಾನಿಸುವುದು ಪ್ರತಿಯೊಬ್ಬರ ಹಕ್ಕು. ಅನ್ಯರ ತಟ್ಟೆಯನ್ನು ಇಣುಕಿ ಮೂಗು ಮುಚ್ಚಿಕೊಳ್ಳುವುದು ಮಾತ್ರ ಆ ಹಕ್ಕಿನಲ್ಲಿ ಸೇರಿಲ್ಲ.

ಹಾಗೆಂದು ಯಂತ್ರದ ವಕೀಲನಾಗಿ ಎಲ್ಲವನ್ನೂ ಹೊಗಳಲಾರೆ. ನಮ್ಮ ಹಳ್ಳಿಗಳ ಕರೆಂಟನ್ನು ನಂಬುವಂತಿಲ್ಲ. ಎಷ್ಟು ಹೊತ್ತು ಹೋಗಿತ್ತೆಂದು ಗೊತ್ತಿಲ್ಲದಿದ್ದರೆ, ಪಾತ್ರೆ ಬಿಸಿಯಾಗಿ ಕಂಡರೂ ಒಳಗಿನದನ್ನು ಚೆಲ್ಲುವುದೇ ಕ್ಷೇಮ. ಕಲ್ಲಿನಂತೆ ಹೆಪ್ಪುಗಟ್ಟಿದ ಮಾಂಸವನ್ನು ನೇರವಾಗಿ ಹಾಕಬಾರದು, ಬಿಸಿಯೇರುವುದು ತಡವಾಗಿ ಕೆಡುವ ಸಂಭವವಿದೆ. ನಡುನಡುವೆ ಮುಚ್ಚಳ ತೆಗೆದು ಇಣುಕಬಾರದು, ಕಳೆದುಹೋದ ಬಿಸಿ ಮತ್ತೆ ಕೂಡಲು ಇಪ್ಪತ್ತು ನಿಮಿಷವಾದರೂ ಬೇಕು. ಖರ್ಚಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಸುಮಾರು 200 ವಾಟಿನ ಪಾತ್ರೆ ಎಂಟು ಗಂಟೆ ಉರಿದರೆ ಒಂದೂವರೆ ಯೂನಿಟ್ಟಿನ ಆಸುಪಾಸು.

ಇವೆಲ್ಲಕ್ಕಿಂತ ದೊಡ್ಡ ಆಕ್ಷೇಪ ಒಂದಿದೆ, ಅದನ್ನು ನನ್ನ ಮಿತ್ರರು ಎತ್ತಲಿಲ್ಲ. ಹತ್ತು ಗಂಟೆ ಹೊರಗೆ ದುಡಿಸಿಕೊಂಡು, ಮನೆಯ ದುಡಿಮೆಯನ್ನೂ ಅವಳ ಹೆಗಲಿಗೇ ಹೊರಿಸಿ, ಕೈಗೊಂದು ಯಂತ್ರ ಕೊಟ್ಟು ಸುಮ್ಮನಾಗಿಬಿಟ್ಟರೆ ಅದು ನ್ಯಾಯವಾಗುವುದಿಲ್ಲ. ಸ್ವಿಚ್ಚು ಒತ್ತಿದರೆ ಬೇಯುತ್ತದೆ ಎಂದಮೇಲೆ ಆ ಸ್ವಿಚ್ಚನ್ನು ಒತ್ತಲು ಗಂಡಸಿನ ಬೆರಳು ಸಾಲದೇ? ಖಾರ ರುಬ್ಬಲು, ಬಾಡು ತೊಳೆಯಲು, ಸಂಜೆ ಪಿಂಗಾಣಿ ಗಡಿಗೆ ಉಜ್ಜಲು ಸಾಲದೇ? ಅಡುಗೆ ಸುಲಭವಾದಷ್ಟೂ ಅದನ್ನು ಮಾಡದಿರಲು ಗಂಡಸಿಗೆ ನೆಪಗಳು ಕಡಿಮೆಯಾಗಬೇಕಿತ್ತು. ಆದರೆ ಆಗಿರುವುದು ಬೇರೆ. "ಅಷ್ಟು ಸುಲಭವಾದದ್ದನ್ನು ಅವಳೇ ಮಾಡಲಿ" ಎಂಬಲ್ಲಿಗೆ ಬಂದಿದ್ದೇವೆ. ಅಡುಗೆ ಕಷ್ಟವಾಗಿದ್ದಾಗ ಅದು ಹೆಣ್ಣಿನ ಧರ್ಮ, ಸುಲಭವಾದಾಗ ಹೆಣ್ಣಿನ ಸೋಮಾರಿತನ. ಎರಡು ಕಡೆಯೂ ನಾವು ಮಾತ್ರ ಎಲೆಯ ಮುಂದೆ ಕುಳಿತೇ ಇರುತ್ತೇವೆ.

ಕೊನೆಯದಾಗಿ ನನ್ನ ತಪ್ಪು. 1994ರಲ್ಲಿ ನಾನು ತಾಲ್ಲೂಕಿನ ಒಂದು ಶಾಲೆಯಲ್ಲಿ ಏಳನೆಯ ತರಗತಿಗೆ ಕನ್ನಡ ಹೇಳುತ್ತಿದ್ದೆ. ಬಿಸಿಯೂಟ ಇನ್ನೂ ಬಂದಿರಲಿಲ್ಲ, ಮಕ್ಕಳು ಮನೆಯಿಂದ ಬುತ್ತಿ ತರುತ್ತಿದ್ದರು. ಒಂದು ಮಧ್ಯಾಹ್ನ ಒಬ್ಬ ಹುಡುಗಿಯ ಡಬ್ಬಿಯಲ್ಲಿ ಹಂದಿಬಾಡು ಇದೆಯೆಂದು ಗದ್ದಲವೆದ್ದಿತು. ಕೆಲವು ಮಕ್ಕಳು ಮೂಗು ಮುಚ್ಚಿಕೊಂಡು ಹೊರಗೋಡಿದರು. ಗದ್ದಲ ಅಡಗಿಸುವುದೊಂದೇ ನನ್ನ ಕರ್ತವ್ಯವೆಂದುಕೊಂಡೆ. ಹುಡುಗಿಯನ್ನು ಕರೆದು, ಸೌಮ್ಯವಾಗಿಯೇ, "ನೀನು ಹೊಂಗೆಮರದ ಕೆಳಗೆ ಕೂತು ತಿನ್ನಮ್ಮ" ಎಂದೆ. ಅವಳು ಡಬ್ಬಿ ಮುಚ್ಚಿಕೊಂಡು ಹೋದಳು. ಆ ವರ್ಷ ಮುಗಿಯುವವರೆಗೂ ಅಲ್ಲೇ ಕುಳಿತು ತಿಂದಳು. ಡಬ್ಬಿಯಲ್ಲಿ ಬರಿ ಮುದ್ದೆ ಚಟ್ನಿ ಇದ್ದ ದಿನಗಳಲ್ಲೂ ಅಲ್ಲೇ. ನಾನು ಮರಳಿ ಕರೆಯಲಿಲ್ಲ. ಮೂಗು ಮುಚ್ಚಿಕೊಂಡ ಮಕ್ಕಳಿಗೆ ಒಂದು ಮಾತು ಹೇಳಬಹುದಿತ್ತು, ಅದನ್ನೂ ಹೇಳಲಿಲ್ಲ. ವ್ಯಾಕರಣ ಪಾಠ ಮಾತ್ರ ಚೆನ್ನಾಗಿ ಮಾಡಿದೆ.

ಬುಧವಾರ ಸಂಜೆ ನನಗೆ ಮುದ್ದೆ ಬಡಿಸಿದವಳು ಅವಳೇ.

ಊಟದ ನಡುವೆ ಆ ಮಾತು ತೆಗೆದೆ. ತಪ್ಪಾಯಿತಮ್ಮ ಎಂದೆ. ಅವಳು ಸೌಟು ಹಿಡಿದುಕೊಂಡೇ ನಕ್ಕು, "ಬಿಡಿ ಸಾ, ಮರದ ನೆಳ್ಳು ತಂಪಾಗಿತ್ತು" ಎಂದು ಇನ್ನೆರಡು ತುಂಡು ಬಡಿಸಿದಳು. ಪಕ್ಕದಲ್ಲಿದ್ದ ಮಗ, "ಯಾವ ಮರ ಅವ್ವಾ?" ಎಂದು ಕೇಳಿದ. ಅವಳು ಹೇಳಲಿಲ್ಲ. ನನಗೂ ಹೇಳುವ ಧೈರ್ಯವಾಗಲಿಲ್ಲ.

ಅಂಥ ಮನೆಯಲ್ಲಿ ಉಂಡು ಬಂದು, ಮಿತ್ರರು ನಕ್ಕಾಗ ನಾನೂ ನಕ್ಕೆ. ಮೂವತ್ತು ವರ್ಷಗಳಾದ ಮೇಲೂ ಅವಳನ್ನು ಎರಡನೆಯ ಸಲ ಮರದ ಕೆಳಗೆ ಕಳಿಸಿದಂತಾಯಿತು. ಆದ್ದರಿಂದ ಮಿತ್ರರಿಗೆ ಈ ಮೂಲಕ ತಿಳಿಸುತ್ತಿದ್ದೇನೆ: ನಾನು ಹಂದಿಬಾಡು ಉಂಡೆ, ಚೆನ್ನಾಗಿತ್ತು, ಯಾರು ಬೇಕಾದರೂ ಕೇಳಿಸಿಕೊಳ್ಳಲಿ. ಆಕೆ ಸೋಮಾರಿಯಲ್ಲ. ಆಕೆಯ ಅಡುಗೆಯ ಬಗ್ಗೆ ತೀರ್ಪು ಕೊಡಬೇಕೆಂದಿರುವವರು ಮೊದಲು ಬೆಳಗಿನ ಐದಕ್ಕೆ ಎದ್ದು ಆ ಒಂದು ಕಿಲೋ ಬಾಡನ್ನು ತೊಳೆದು, ಖಾರ ರುಬ್ಬಿ, ಎಂಟಕ್ಕೆ ಕೆಲಸಕ್ಕೆ ಹೊರಡಲಿ. ಸಂಜೆ ಏಳಕ್ಕೆ ಮರಳಿ ಬಂದ ಮೇಲೆ ಹೇಳುವುದೇನಾದರೂ ಉಳಿದಿದ್ದರೆ ನಮ್ಮ ಸಭೆಯಲ್ಲಿ ಕುಳಿತು ಕೇಳಲು ನಾನು ಸಿದ್ಧ.

ಇನ್ನೂ ಪಾಠ ಮಾಡುತ್ತಿರುವ ಕಿರಿಯ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ಒಂದು ಬಿನ್ನಹ. ಮಗುವಿನ ಡಬ್ಬಿಯ ವಿಷಯಕ್ಕೆ ಗದ್ದಲವೆದ್ದರೆ ಡಬ್ಬಿ ತಂದ ಮಗುವನ್ನು ಎಬ್ಬಿಸಬೇಡಿ. ನೀವೇ ಹೋಗಿ ಅದರ ಪಕ್ಕದಲ್ಲಿ ಕುಳಿತು ನಿಮ್ಮ ಡಬ್ಬಿ ಬಿಚ್ಚಿ. ನಾನು ಮಾಡದೆ ಬಿಟ್ಟದ್ದು ಅಷ್ಟೇ.